ತೊಂಬತ್ತೇಳನೆಯ ಸುತ್ತು

"ಏಯ್, ನಿಲ್ಲು!"

ಪಕೀರಮ್ಮ ನಿಲ್ಲಲಿಲ್ಲ.

ಕಾರಿಗಿಡಗಳ ಮರೆಯಿಂದ ಆಳೊಬ್ಬ ಹಾದಿಗಿಳಿದು ಎದುರಿಗೆ ಬಂದ. ಖಾಕಿ ಅಂಗಿ, ಕೈಯಲ್ಲಿ ಬಿದಿರು ಕೋಲು, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ. ನಿಜಾಮ ಸರ್ಕಾರದ ಜಂಗ್ಲಾತ್ ಜವಾನ, ಅಂದರೆ ಕಾಡು ಕಾಯುವವನು. ಆ ಬಿಲ್ಲೆ ಕಂಡರೆ ಮಸ್ಕಿ ಸುತ್ತಿನ ಹಳ್ಳಿಗಳಲ್ಲಿ ಮುದುಕರೂ ಕಾಲಿನ ಕೆರ ಕಳಚಿ ನಿಲ್ಲುತ್ತಿದ್ದ ಕಾಲ ಅದು. ಅವಳ ಕಾಲು ಮಾತ್ರ ನಡೆಯುತ್ತಲೇ ಇತ್ತು.

"ಹೇಳಿದ್ದು ಕೇಳಂಗಿಲ್ಲೇನು? ಗಂಟಿನಾಗ ಏನೈತಿ?"

"ಬುತ್ತಿ ಐತ್ರಿ. ನಿಲ್ಲಾಕ ಬರಂಗಿಲ್ರಿ, ಹರಕಿ ಐತಿ."

"ಎಂಥಾ ಹರಕಿ?"

"ಗುಡ್ಡದ ಸುತ್ತು, ನೂರಾಒಂದು. ಗುಡ್ಡ ಬಲಗಡಿನ ಇರಬೇಕ್ರಿ. ನಡುವ ನಿಲ್ಲಬಾರದು, ಹಿಂದಕ್ಕ ಹೊಳ್ಳಬಾರದು. ಹೊಳ್ಳಿದ್ರ ಮತ್ತ ಒಂದರಿಂದ ಸುರು."

ಅವಳಂತೂ ನಿಲ್ಲುವ ಹಾಗಿಲ್ಲ. ಜವಾನ ಅವಳ ಮುಂದೆ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಲೇ ವಿಚಾರಣೆ ಮುಂದುವರಿಸಿದ.

"ಎಷ್ಟು ಆಗ್ಯಾವು?"

"ಇದು ಹನ್ನೆರಡನೇದ್ರಿ. ಹಿಂದ ಕಾರಿ ಮುಳ್ಳೈತ್ರಿ..."

ಹೇಳುವಷ್ಟರಲ್ಲಿ ಸರ್ಕಾರದ ಜವಾನ ಮುಳ್ಳಿನ ಕಂಟಿಯಲ್ಲಿ ಕೂತುಬಿಟ್ಟಿದ್ದ. ಪಕೀರಮ್ಮ ಪಕ್ಕದಿಂದ ಹಾದುಹೋದಳು. ತಿರುಗಿ ನೋಡುವ ಹಾಗಿರಲಿಲ್ಲ. ನೂರು ಹೆಜ್ಜೆ ಆದಮೇಲೆ ನಗು ತಡೆಯಲಾಗಲಿಲ್ಲ. ತಾನು ಹೀಗೆ ನಕ್ಕು ಎಷ್ಟು ದಿನವಾಗಿತ್ತು ಅನ್ನುವುದು ಅವಳಿಗೇ ನೆನಪಿರಲಿಲ್ಲ.

ಹರಕೆ ಅವಳದಲ್ಲ, ಅವಳ ಚಿಗವ್ವ ಆದಮ್ಮನದು. ಅಪ್ಪ ಅವ್ವ ಇಬ್ಬರನ್ನೂ ಕಾಲರಾ ಒಂದೇ ವಾರದಲ್ಲಿ ಒಯ್ದಾಗ ಪಕೀರಮ್ಮನನ್ನು ಸಾಕಿದವಳು ಆದಮ್ಮ. ಈ ಸಲ ಅವಳಿಗೇ ವಿಪರೀತ ಜ್ವರ ಬಂತು. ಜ್ವರ ಇಳಿದರೆ ದಿನಕ್ಕೊಂದರಂತೆ ನೂರಾಒಂದು ಸುತ್ತು ಬರುತ್ತೇನೆ ಅಂತ ಗುಡ್ಡದ ಮಲ್ಲಯ್ಯನಿಗೆ ಬೇಡಿಕೊಂಡಳು. ಜ್ವರವೇನೋ ಇಳಿಯಿತು, ಆದರೆ ಮೊಣಕಾಲು ಹಿಡಿದುಕೊಂಡವು. "ನನ್ನ ಕಾಲು ನೀನ ಆಗವ್ವ" ಅಂದಳು. ಹೆತ್ತವರಿಗಿಂತ ಹೆಚ್ಚಾಗಿ ಸಾಕಿದವಳ ಮಾತು. ಇಲ್ಲ ಅನ್ನುವುದು ಹೇಗೆ?

ಕಷ್ಟದ ಹಾದಿಯೇನಲ್ಲ. ಬೆಳಗ್ಗೆ ಊರ ಅಗಸಿ ಬಾಗಿಲು ದಾಟಿದರೆ ಜೋಳದ ಹೊಲದ ಬದು, ಆಮೇಲೆ ಕೆರೆಯ ಏರಿ. ಗುಡ್ಡದ ಹಿಂಬದಿಗೆ ಜಂಗ್ಲಾತಿನ ಚೌಕಿ. ಅಲ್ಲಿಂದ ಸೀತಾಫಲ, ತುಗ್ಗಲಿ, ಕಾರಿಗಿಡಗಳ ಕುರುಚಲು ಕಾಡಿನಲ್ಲಿ ದುಂಡು ಬಂಡೆಗಳನ್ನು ಬಳಸಿ ಬಂದರೆ ಮತ್ತೆ ಅಗಸಿ. ಎರಡು ತಾಸು ಸಾಕು. ಸುತ್ತು ಮುಗಿಸಿ ಅವಳು ಕಳೆ ತೆಗೆಯಲು ಹೊಲಕ್ಕೆ ಹೋಗುತ್ತಿದ್ದಳು. ಆದರೆ ಮಾತಿಗೊಬ್ಬರಿಲ್ಲದ ಎರಡು ತಾಸು ಎಷ್ಟು ಉದ್ದ ಅನ್ನುವುದು ಒಬ್ಬಂಟಿಯಾಗಿ ನಡೆದವರಿಗೇ ಗೊತ್ತು.

ಜವಾನನಿಗೂ ದಿನಕ್ಕೊಂದು ಸುತ್ತಿನ ಹುಕುಂ ಬಂದಿತ್ತು. ಅವಳು ಅಗಸಿ ಬಿಡುವ ಹೊತ್ತಿಗೆ ಅವನು ಚೌಕಿ ಬಿಡುತ್ತಿದ್ದ. ಅವಳಿಗೆ ಗುಡ್ಡ ಬಲಕ್ಕೆ, ಅವನಿಗೆ ಎಡಕ್ಕೆ. ಹೀಗಾಗಿ ಒಂದು ಸುತ್ತಿನಲ್ಲಿ ಇಬ್ಬರೂ ಎರಡು ಸಲ ಎದುರಾಗುತ್ತಿದ್ದರು. ಒಮ್ಮೆ ಕೆರೆ ಏರಿಯ ಮೇಲೆ, ಇನ್ನೊಮ್ಮೆ ಕಾಡಿನೊಳಗೆ. ಪಕೀರಮ್ಮ ನಿಲ್ಲುವಂತಿಲ್ಲವಲ್ಲ, ಹಾಯುವಾಗ ಒಂದು ಮಾತಿಗಷ್ಟೇ ಹೊತ್ತು. ಏರಿಯ ಮೇಲೆ ಕೇಳಿದ್ದಕ್ಕೆ ಉತ್ತರ ಒಂದು ತಾಸು ಬಿಟ್ಟು ಕಾಡಿನಲ್ಲಿ.

"ನಿನ್ನ ಹೆಸರೇನು?"

ಒಂದು ತಾಸಿನ ಮೇಲೆ, "ಪಕೀರಮ್ಮ. ನಿಮ್ಮದ್ರಿ?"

ಮರುದಿನ ಏರಿಯ ಮೇಲೆ, "ಅಂಬಪ್ಪ. ಲಿಂಗಸುಗೂರಿನ ಆಚಿಗೆ ನಮ್ಮೂರು. ನಿಮ್ಮ ಮಂದಿನ ನಾವು."

ಯಾರ ಮಂದಿ ಅಂತ ಅವಳೇನೂ ಕೇಳಿರಲಿಲ್ಲ. ಆದರೂ ಹೇಳಿದ್ದ. ಪಕೀರಮ್ಮ ಅದನ್ನು ದಾರಿಯುದ್ದಕ್ಕೂ ಮೆಲುಕು ಹಾಕಿದಳು.

ಒಂದು ದಿನ ಅವಳು ಕೇಳಿದಳು, "ಚೌಕಿಯಾಗ ಒಬ್ಬರ ಇರ್ತೀರಿ. ಅಂಜಿಕಿ ಬರಂಗಿಲ್ಲೇನ್ರಿ?"

ಕಾಡಿನಲ್ಲಿ ಉತ್ತರ ಬಂತು. "ಅಂಜಿಕಿ ಇಲ್ಲ. ಆದ್ರ ಒಬ್ಬನ ಕುಂತು ತಿಂದ್ರ ರೊಟ್ಟಿ ರುಚಿ ಹತ್ತಂಗಿಲ್ಲ."

ಪಕೀರಮ್ಮನ ಒಂಟಿತನಕ್ಕೆ ಇನ್ನೊಬ್ಬರ ಬಾಯಲ್ಲಿ ಮಾತು ಸಿಕ್ಕಿತ್ತು. ಅಂದಿನಿಂದ ಗುಡ್ಡ ಅವಳಿಗೆ ಚಿಕ್ಕದಾಗತೊಡಗಿತು.

ಎಂಬತ್ತೆಂಟನೆಯ ಸುತ್ತಿನಲ್ಲಿ, ಕಾಡಿನ ಜೋಡುಬಂಡೆಯ ಹತ್ತಿರ ಅಂಬಪ್ಪ ಎಂದಿನಂತೆ ಇರಲಿಲ್ಲ. ನೆಲ ನೋಡುತ್ತಾ ಬಂದ.

"ಪಕೀರಮ್ಮ... ನಿಮ್ಮ ಚಿಗವ್ವನ ಹತ್ರ ನಮ್ಮ ಅಣ್ಣನ್ನ ಕಳಸ್ಲೇನು? ನಿನ್ನ ಕೇಳಾಕ."

ಅವಳ ನಾಲಿಗೆ ಏಳುವಷ್ಟರಲ್ಲಿ ಕಾಲು ಅವನನ್ನು ದಾಟಿತ್ತು. ತಿರುಗುವಂತಿಲ್ಲ! ಇರಲಿ, ನಾಳೆ ಏರಿಯ ಮೇಲೆ ಹೇಳುತ್ತೇನೆ. ಒಂದೇ ಮಾತು... ಕಳಸ್ರಿ.

ಮರುದಿನ ಏರಿಯ ಮೇಲೆ ಬರೀ ಬೆಳ್ಳಕ್ಕಿಗಳಿದ್ದವು.

ಕಾಡಿನಲ್ಲೂ ಯಾರಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಅಂದುಕೊಂಡಳು. ಅದರ ಮರುದಿನವೂ ಇಲ್ಲ. ಚೌಕಿಯ ಮುಂದೆ ಹಾಯುವಾಗ ಕದಕ್ಕೆ ಹೊರಗಿನ ಚಿಲಕ, ಕಂಟಿಯ ಮೇಲೆ ಆಗಷ್ಟೇ ಹಿಂಡಿ ಹಾಕಿದ ಧೋತರ. ಊರು ಬಿಟ್ಟಿಲ್ಲ, ಜಡ್ಡೂ ಇಲ್ಲ.

ಮನೆಯಲ್ಲಿ ಸುಮ್ಮನೆ ಅನ್ನುವಂತೆ ಕೇಳಿದಳು. "ಚಿಗವ್ವ, ಜಂಗ್ಲಾತ್ ಜವಾನ ಈ ಕಡಿ ಕಾಣವಲ್ಲ?"

"ಯಾಕ, ದಿನಾ ಅಗಸಿ ಮುಂದ ಹಾದುಹೋಗ್ತಾನಲ್ಲ, ನೀ ಗುಡ್ಡದ ಹಿಂದ ಇದ್ದಾಗ" ಅಂದಳು ಆದಮ್ಮ, ಅಕ್ಕಡಿಕಾಳು ಆರಿಸುತ್ತಾ.

ಪಕೀರಮ್ಮ ಲೆಕ್ಕ ಹಾಕಿದಳು. ಹಾಗಾದರೆ ಅವನು ದಿನಾ ಸುತ್ತುತ್ತಿದ್ದಾನೆ. ತನ್ನ ಸಪ್ಪಳ ಕೇಳಿದ ಕೂಡಲೇ ಬಂಡೆಯ ಮರೆಗೆ ಸರಿದು ನಿಲ್ಲುತ್ತಿರಬೇಕು. ನಿಂತು ಹುಡುಕಲು, ತಿರುಗಿ ನೋಡಲು ತನಗೆ ಬರುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ಎಂಥ ಹುಚ್ಚಿ ನಾನು! ಬಿಲ್ಲೆ ಹಾಕಿದವನು ಹೊತ್ತು ಕಳೆಯಲು ಆಡಿದ ಮಾತನ್ನು ಸೆರಗಿಗೆ ಕಟ್ಟಿಕೊಂಡೆನಲ್ಲ...

ಅದಾದ ಮೇಲೆ ಆ ಹಾದಿ ಮೊದಲಿಗಿಂತ ಉದ್ದವಾಯಿತು. ಮೊದಲು ಯಾರೂ ಇರಲಿಲ್ಲ, ಅಷ್ಟೇ. ಈಗ ಒಬ್ಬ ಇಲ್ಲ. ಎರಡಕ್ಕೂ ಬಹಳ ವ್ಯತ್ಯಾಸ.

ತೊಂಬತ್ಮೂರನೆಯ ಸುತ್ತಿನ ದಿನ ಆದಮ್ಮ ಹತ್ತಿರ ಕೂರಿಸಿಕೊಂಡಳು. "ಸಿಂಧನೂರಿನ ಕಡೆಯವರು ಕೇಳ್ಯಾರ. ಎರಡನೇ ಸಂಬಂಧ, ಖರೆ. ಆದ್ರ ಮನಿ ತುಂಬ ಮಂದಿ ಅದಾರ, ಒಬ್ಬಾಕಿ ಇರೂದು ತಪ್ಪತೈತಿ. ಹರಕಿ ಮುಗಿದ ಮರುದಿನ ಬರ್ತಾರ. ಏನಂತಿ?"

"ನೀ ಅಂದಂಗ" ಅಂದಳು ಪಕೀರಮ್ಮ. ಬೇರೆ ಹೇಳಲು ಏನು ಉಳಿದಿತ್ತು?

ತೊಂಬತ್ತಾರರ ಸಂಜೆ ಹಿಂಗಾರಿ ಮಳೆ ಬಿತ್ತು. ಮಾರನೆಯ ಬೆಳಗ್ಗೆ ಹಾದಿ ಹದವಾಗಿ ನೆನೆದಿತ್ತು. ಪಕೀರಮ್ಮ ಏರಿ ದಾಟಿದಳು, ಚೌಕಿ ದಾಟಿದಳು. ಅಲ್ಲಿಂದಾಚೆ ಹಸಿ ಮಣ್ಣಿನಲ್ಲಿ ಮೆಟ್ಟಿನ ಗುರುತುಗಳು ಸಾಲಾಗಿ ಹೋಗಿದ್ದವು. ದೊಡ್ಡ ಮೆಟ್ಟು, ಹಿಮ್ಮಡಿಗೆ ನಾಲು ಹೊಡೆದದ್ದು. ಸರ್ಕಾರದ ಮೆಟ್ಟು.

ಅವುಗಳ ಮುಂಗಾಲು ಅವಳು ಹೋಗುವ ದಿಕ್ಕಿಗೇ ಇತ್ತು.

ಹತ್ತು ಹೆಜ್ಜೆ ಹೋದಮೇಲೆ ಅವಳಿಗೆ ಅರ್ಥವಾಯಿತು. ಅಂಬಪ್ಪ ಬಂಡೆಯ ಮರೆಗೆ ಸರಿದಿರಲಿಲ್ಲ. ಅವನೂ ಗುಡ್ಡವನ್ನು ಬಲಕ್ಕೆ ಹಾಕಿಕೊಂಡೇ ಸುತ್ತುತ್ತಿದ್ದ. ಅವಳು ಇಲ್ಲಿದ್ದಾಗ ಅವನು ಅಲ್ಲಿ. ಹೀಗೆ ಜೀವಮಾನವಿಡೀ ಸುತ್ತಿದರೂ ಎದುರಾಗುವ ಮಾತೇ ಇಲ್ಲ.

ಆದರೆ ಯಾಕೆ? ಇದೂ ತಪ್ಪಿಸಿಕೊಳ್ಳುವ ಉಪಾಯವೇ ಅಲ್ಲವೇ?

ಜೋಡುಬಂಡೆಯ ಹತ್ತಿರ, ಅವನು ಆ ಮಾತು ಕೇಳಿದ ಜಾಗದಲ್ಲಿ, ಗುರುತುಗಳು ಮುಂದೆ ಹೋಗದೆ ಅಲ್ಲಲ್ಲೇ ತುಳಿದಾಡಿದ್ದವು. ಯಾರೋ ಬಹಳ ಹೊತ್ತು ನಿಂತಿದ್ದಾರೆ. ಅವಳು ಬರುವ ಕಡೆಗೆ ಮುಖ ಮಾಡಿ ನಿಂತಿದ್ದಾರೆ.

ಪಕೀರಮ್ಮನ ಕಾಲು ನಿಂತವು.

ಇದೂ ಸೇರಿ ಇನ್ನು ಐದು ಸುತ್ತು ಮುಗಿದರೆ ಚಿಗವ್ವನ ಹರಕೆ ತೀರುತ್ತದೆ, ಸಿಂಧನೂರಿನವರು ಬರುತ್ತಾರೆ. ಈಗ ಹೊಳ್ಳಿದರೆ ತೊಂಬತ್ತಾರೂ ನೀರಿಗೆ ಹೋದಂತೆ. ಸಾಕಿದವಳಿಗೆ ಏನಂತ ಮುಖ ತೋರಿಸಲಿ? ಅವಳು ಗುಡ್ಡದ ತುದಿ ನೋಡಿದಳು. ಕಣ್ಣು ತುಂಬಿ ಬಂತು.

"ತಪ್ಪಾತೋ ಮಲ್ಲಯ್ಯ" ಅಂದಳು. ಹಿಂದಕ್ಕೆ ಹೊಳ್ಳಿದಳು.

ಚೌಕಿ ಮುಟ್ಟಿದಾಗ ಅವನಿನ್ನೂ ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂತಳು. ಹೊತ್ತು ಸರಿಯಲೊಲ್ಲದು. ಬರದೇ ಹೋದರೆ? ಬಂದು, ಯಾಕೆ ಬಂದಿ ಅಂದರೆ? ಎದ್ದು ಓಡಿಹೋಗಬೇಕು ಅನ್ನಿಸಿತು. ಅಷ್ಟರಲ್ಲಿ ಕೆರೆಯ ಕಡೆಯಿಂದ ಅಂಬಪ್ಪ ಬಂದ, ನೆಲ ನೋಡುತ್ತಾ. ತಲೆಯೆತ್ತಿದವನು ಅಲ್ಲೇ ನಿಂತುಬಿಟ್ಟ.

"ಪಕೀರಮ್ಮ... ನೀ ಕುಂತೀದಿ!"

"ಕುಂತೀನಿ. ಹೊಳ್ಳಿನೂ ಬಂದೀನಿ. ಯಾಕ ದಿಕ್ಕು ತಿರುವಿದ್ರಿ?"

ಅವನು ಕೋಲನ್ನು ಗೋಡೆಗೆ ಆನಿಸಿದ.

"ಆವತ್ತು ಕೇಳಿಬಿಟ್ಟೆ. ಆಮ್ಯಾಲ ನನಗ ನಾಚಿಕಿ ಆತು. ನೀ ನಿಲ್ಲಂಗಿಲ್ಲ, ಹೊಳ್ಳಂಗಿಲ್ಲ, ದಾರಿ ತಪ್ಪಿಸಂಗೂ ಇಲ್ಲ. ಇಂಥಾಕಿ ಎದುರಿಗೆ ಬಿಲ್ಲೆ ಹಾಕ್ಕೊಂಡು ದಿನಾ ಎರಡು ಸಲ ಬಂದು ನಿಂತ್ರ ಅದು ಕೇಳಿದಂಗ ಆಗತೈತೇನು? ಜುಲುಮಿ ಆಗತೈತಿ. ಈ ಅಂಗಿಗೆ ಈ ಊರಾಗ ಯಾರೂ ಒಲ್ಲೆ ಅನ್ನಂಗಿಲ್ಲ. ನೀನರ ಮನಸಿಲೇ ಹೂಂ ಅನ್ನಬೇಕು ಅಂತ ಸರಿದೆ."

"ನಂಗ ಹೇಳಬೇಕಿಲ್ಲೇನು?"

"ಹೇಳಾಕ ಮತ್ತ ಎದುರಿಗೇ ಬರಬೇಕಿತ್ತಲ್ಲ. ಒಪ್ಪಿದ್ರ ಜೋಡುಬಂಡಿ ಹತ್ರ ಒಂದು ಕಲ್ಲರ ಇಟ್ಟು ಹೋಗ್ತಿ ಅಂತ ದಿನಾ ನಿಂತು ನೋಡ್ತಿದ್ದೆ."

"ಬಗ್ಗಿ ಕಲ್ಲು ಇಡಬೇಕಂದ್ರ ನಿಲ್ಲಬೇಕಲ್ರಿ."

ಅಂಬಪ್ಪ ಹಣೆ ಚಚ್ಚಿಕೊಂಡ. ಒಂಬತ್ತು ದಿನದ ಸಂಕಟ ಒಂದೇ ಸಲ ಒತ್ತರಿಸಿ ಬಂದು ಪಕೀರಮ್ಮ ನಕ್ಕಳು, ನಗುತ್ತಲೇ ಅತ್ತಳು. ನಿಂತ ಜಾಗದಲ್ಲಿ ನಿಂತು ಅವನ ಮುಖ ನೋಡಿದ್ದು ಅದೇ ಮೊದಲು. ಅವನ ಕಣ್ಣೂ ಒದ್ದೆಯಾಗಿದ್ದವು.

"ಕಳಸ್ರಿ" ಅಂದಳು. "ನಿಮ್ಮ ಅಣ್ಣನ್ನ."

ಮನೆಗೆ ಬಂದು ಚಿಗವ್ವನಿಗೆ ಒಂದನ್ನೂ ಮುಚ್ಚಿಡಲಿಲ್ಲ. ಆದಮ್ಮ ಮೊಣಕಾಲು ನೀವಿಕೊಳ್ಳುತ್ತಾ ಕೇಳಿದಳು. ಕೇಳಿ ಗೋಡೆಯ ಕಡೆಗೆ ತಿರುಗಿ ಕೂತಳು. ಪಕೀರಮ್ಮ ಅವಳ ಕಾಲು ಹಿಡಿದುಕೊಂಡಳು.

"ತೊಂಬತ್ತಾರು ಸುತ್ತು ನೀ ನನಗಾಗಿ ನಡದಿ" ಅಂದಳು ಆದಮ್ಮ ಕೊನೆಗೆ. "ನಾಕು ಹೆಜ್ಜಿ ನಿನಗಾಗಿ ನಡದ್ರ ಮಲ್ಲಯ್ಯ ಏನೂ ಅನ್ನಂಗಿಲ್ಲ. ಆದ್ರ ಹರಕಿ ಅಂದ್ರ ಹರಕಿ. ನಾಳಿಂದ ಒಂದು."

"ಸಿಂಧನೂರಿನವರು?"

"ಹುಡುಗಿಗೆ ಇನ್ನ ನೂರಾಒಂದು ದಿನ ಪುರಸೊತ್ತಿಲ್ಲಂತ ಹೇಳಿ ಕಳಸ್ತೀನಿ. ಅಷ್ಟರಾಗ ಅವನ ಅಣ್ಣ ಬರಲಿಕ್ಕಿಲ್ಲೇನು?"

ಮರುದಿನ ಬೆಳಗ್ಗೆ ಅಗಸಿಯ ಹೊರಗೆ ಅಂಬಪ್ಪ ನಿಂತಿದ್ದ. ಚೌಕಿಯಿಂದ ನಸುಕಿನಲ್ಲೇ ಹೊರಟು ಬಂದಿರಬೇಕು. ಪಕೀರಮ್ಮ ನಿಲ್ಲಲಿಲ್ಲ. ಅವನೂ ನಿಲ್ಲಿಸಲಿಲ್ಲ, ಪಕ್ಕಕ್ಕೆ ಬಂದು ಹೆಜ್ಜೆ ಸೇರಿಸಿದ.

ಜೋಳದ ಹೊಲ ದಾಟುವವರೆಗೆ ಇಬ್ಬರಿಗೂ ಮಾತು ಬರಲಿಲ್ಲ.

"ದಿನಾ ಒಂದ ಮಾತು ಆಡಿ ರೂಢಿ ಆಗೈತ್ರಿ" ಅಂದಳು ಅವಳು. "ಎರಡು ತಾಸು ಜೋಡಿಲೇ ಅಂದ್ರ... ಮಾತು ಮುಗದುಹೋದ್ರ ಏನ್ ಮಾಡೂದು?"

"ಸುಮ್ಮಕ ನಡಿಯೂದು" ಅಂದ ಅಂಬಪ್ಪ. "ಇಬ್ಬರೂ."