ಬಾಸ್ ಏನೂ ಮಾಡಲ್ಲ

"ಏನೂ ಮಾಡಲ್ಲ, ಸುಮ್ನೆ ಬಾರೇ ಪಿಟೀಲು!" ಎಂದು ಬಡಗಿ ಮಾಮ ಅಂಗಡಿಯ ಒಳಗಿನಿಂದಲೇ ಕೂಗಿದರು.

ಒಳಗೆ ಕೂತು ಕೂಗೋಕೇನು! ರಸ್ತೆಯಲ್ಲಿ ನಿಂತಿದ್ದವಳು ಪಿಟೀಲು. ಯಾವಾಗಲೂ ಕುಂಯ್ ಕುಂಯ್ ಅಂತಾಳೆ ಎಂದು ಅಣ್ಣ ಇಟ್ಟ ಹೆಸರು ಅದು. ಅವಳ ಕೈಯಲ್ಲಿ ಬೆಲ್ಟು, ಬೆಲ್ಟಿನ ತುದಿಯಲ್ಲಿ ಚೂರು. ಚೂರು ಅಂದರೆ ಅವಳ ನಾಯಿ. ಬೆಕ್ಕಿಗಿಂತ ಒಂದು ಹಿಡಿ ದೊಡ್ಡದು, ಅಷ್ಟೇ.

ಎದುರಿಗೆ ಮಾಮನ ನಾಯಿ ಬಾಸ್. ಬೆಲ್ಟೂ ಇಲ್ಲ, ಸರಪಳಿಯೂ ಇಲ್ಲ. ಮರ ಕಳುವಾಗುತ್ತದೆ ಎಂದು ಮಾಮ ಹೋದ ತಿಂಗಳು ತಂದ ನಾಯಿ ಅದು. ತರುವಾಗಲೇ ಕರುವಿನಷ್ಟು ಬೆಳೆದಿತ್ತು. ಕಾವಲಿಗೆ ನಾಯಿ ತಂದ ಮಾಮ ಗೇಟನ್ನು ಮಾತ್ರ ಹಾರುಹೊಡೆದು ಬಿಡುತ್ತಿದ್ದರು.

ಮೊನ್ನೆ ಇದೇ ಜಾಗದಲ್ಲಿ ಬಾಸ್ ಚೂರುವಿನ ಕಿವಿ ಹರಿದುಹಾಕಿತ್ತು. ಡಾಕ್ಟರು ಹೊಲಿಗೆ ಹಾಕಿದ್ದರು.

"ಇನ್ನೊಂದ್ಸಲ ಹೀಗಾದ್ರೆ ಚೂರೂನ ಚಿಕ್ಕಮ್ಮನ ಮನೆಗೆ ಕಳಿಸಿಬಿಡ್ತೀನಿ. ನಿನ್ ಕಾಲಿಗೇ ಬಾಯಿ ಹಾಕಿದ್ರೆ ಏನ್ ಗತಿ?" ಅಂದಿದ್ದರು ಅಮ್ಮ. ಚೂರುವನ್ನು ದಿನಾ ಆಡಿಸುವ ಮೈದಾನಕ್ಕೆ ಇದ್ದದ್ದು ಇದೊಂದೇ ದಾರಿ.

ಕಚ್ಚಿದ್ದು ಬಾಸ್. ಮನೆ ಬಿಡಬೇಕಾದ್ದು ಚೂರು! ಇದ್ಯಾವ ನ್ಯಾಯ ಎಂದು ಪಿಟೀಲಿಗೆ ತಿಳಿಯಲೇ ಇಲ್ಲ.

ಬುದ್ಧಿ ಹೇಳುವವರಿಗೇನೂ ಕಮ್ಮಿ ಇರಲಿಲ್ಲ.

"ಓಡಿಬಿಡು" ಅಂದಿದ್ದ ಅಣ್ಣ. ಬಾಗಿಲು ತೆಗೆಯೋಕೂ ಎದ್ದು ಬಾರದ ಸೋಮಾರಿ, ಓಟದ ಪಾಠ ಹೇಳುತ್ತಾನೆ!

"ಓಡೀಯೆ, ಜೋಕೆ! ಓಡಿದ್ರೆ ಅಟ್ಟಿಸ್ಕೊಂಡ್ ಬರತ್ತೆ. ಮರದ ಥರ ನಿಲ್ಲು. ಅದರ ಕಣ್ಣು ನೋಡ್ಬೇಡ, ನೆಲ ನೋಡು" ಅಂದಿದ್ದರು ಅಜ್ಜಿ.

"ನಡುವೆ ಏನಾದ್ರೂ ಅಡ್ಡ ಹಿಡಿ. ಸ್ಕೂಲ್ ಬ್ಯಾಗಾದ್ರೂ ಸರಿ" ಅಂದಿದ್ದರು ಪಿ.ಟಿ. ಮೇಷ್ಟ್ರು.

ಮಾಮ ನೋಡಿದರೆ, ಏನೂ ಮಾಡಲ್ಲ ಅಂತಾರೆ. ದೊಡ್ಡವರೆಲ್ಲ ಸೇರಿ ಮೊದಲು ಒಂದು ಮಾತಿಗೆ ಬರಬಾರದಾ?

ಬಾಸ್ ಗುರ್ ಅಂದಿತು. ಹಲ್ಲು ಕಂಡಿತು.

ಅಣ್ಣ ಹೇಳಿದ ಹಾಗೆ ಮಾಡೋಣ ಅಂತ ಕಾಲು ತವಕಿಸಿತು. ಪಿಟೀಲು ಕಾಲಿನ ಮಾತು ಕೇಳಲಿಲ್ಲ. ಚೂರುವನ್ನು ಬೆನ್ನ ಹಿಂದೆ ಎಳೆದುಕೊಂಡಳು. ಅದಕ್ಕೆಂದೇ ತಂದಿದ್ದ ಸ್ಕೂಲ್ ಬ್ಯಾಗನ್ನು ಮೊಣಕಾಲ ಮುಂದೆ ಹಿಡಿದಳು. ನೆಲ ನೋಡುತ್ತಾ ಕೂಗಿದಳು. "ಮಾಮಾ, ನಾಯಿ ಕರೀರಿ!"

"ಏನೂ ಮಾಡಲ್ಲ ಅಂದ್ನಲ್ಲ!"

"ಮೊನ್ನೆ ಮಾಡ್ತಲ್ಲ! ಕರೀರಿ ಮಾಮಾ!"

ಚಪ್ಪಲಿ ಸದ್ದು ಬಂತು. ನೆಲ ನೋಡುತ್ತಿದ್ದವಳಿಗೆ ಮೊದಲು ಕಂಡದ್ದು ಮರದ ಹೊಟ್ಟು ಮೆತ್ತಿದ ಎರಡು ಪಾದ. ಆ ಪಾದಗಳ ಮುಂದೆ ಒಂದು ಹಲಗೆಯ ಅಂಚು.

ಮೆಲ್ಲಗೆ ತಲೆ ಎತ್ತಿದಳು. ಮಾಮ ಬಾಗಿಲಗಲದ ಹಲಗೆಯನ್ನು ಮೈಗೆ ಅಡ್ಡ ಹಿಡಿದಿದ್ದರು. ಅವಳು ಬ್ಯಾಗು ಹಿಡಿದಿದ್ದಳಲ್ಲ, ಥೇಟ್ ಹಾಗೆ. ಬಲಗೈಗೆ ಬ್ಯಾಂಡೇಜು.

ಬಾಸ್ ತಿರುಗಿ ಮಾಮನ ಕಡೆ ಗುರುಗುಟ್ಟಿತು. ಮಾಮ ಎರಡು ಹೆಜ್ಜೆ ಹಿಂದಕ್ಕೆ ಹೋದರು.

"ಏನೂ ಮಾಡಲ್ಲ... ಏನೂ ಮಾಡಲ್ಲ..." ಎಂದರು. ಈ ಸಲ ಕೂಗಲಿಲ್ಲ. ಅವಳಿಗೆ ಹೇಳಿದ ಹಾಗೂ ಇರಲಿಲ್ಲ.

"ಮಾಮ, ಅದರ ಕಣ್ಣು ನೋಡ್ಬೇಡಿ" ಅಂದಳು ಪಿಟೀಲು. "ಹಲಗೆ ಅಡ್ಡ ಇರ್ಲಿ. ನಿಧಾನ."

ಮಾಮ ಕಣ್ಣು ಕೆಳಗೆ ಹಾಕಿದರು. ಬಾಸ್‌ನ ಸುತ್ತ ಬಳಸಿ ಬಂದು, ಹಲಗೆಯನ್ನು ಗೇಟಿನ ಕಡೆಗೆ ಇಂಚಿಂಚೇ ಸರಿಸಿದರು. ಗುರುಗುಡುತ್ತಲೇ ಬಾಸ್ ಹಿಂದೆ ಹಿಂದೆ ಹೋಗಿ ಗೇಟಿನ ಒಳಗಾಯಿತು. ಚಿಲಕ ಟಣ್ ಎಂದಿತು.

ಮಾಮ ಹಲಗೆಗೆ ಒರಗಿ ಉಸಿರು ಬಿಟ್ಟರು.

"ಕೈಗೇನಾಯ್ತು ಮಾಮ?"

"ಇದಾ? ಗರಗಸ ತಾಗ್ತು."

ಬಿಗಿದ ಬಟ್ಟೆಯ ಅಂಚಿನಲ್ಲಿ, ಚರ್ಮದ ಮೇಲೆ ಎರಡು ತೂತು ಇಣುಕುತ್ತಿದ್ದವು. ಚೂರುವಿನ ಕಿವಿಯಲ್ಲೂ ಅಂಥವೇ ಇದ್ದವು.

"ಗರಗಸಕ್ಕೂ ಇಂಜೆಕ್ಷನ್ ಹಾಕಿಸ್ಕೋಬೇಕಂತೆ ಮಾಮ" ಅಂದಳು.

ಮಾಮ ಅವಳನ್ನೇ ನೋಡಿದರು. "ಹಾಕಿಸ್ಕೊಂಡೆ ಕಣೇ. ಇನ್ನೂ ಎರಡು ಬಾಕಿ."

ಮರುದಿನ ಸಂಜೆ ತಿರುವಿನಲ್ಲೇ ನಿಂತು ಪಿಟೀಲು ಕೂಗಿದಳು. "ಮಾಮಾ, ಗೇಟೂ!"

"ಹಾಕಿದೆ, ಬಾ!"

ಆದರೂ ಅವಳು ಬ್ಯಾಗನ್ನು ಮುಂದೆ ಹಿಡಿದುಕೊಂಡೇ ದಾಟಿದಳು.

ರಾತ್ರಿ ಊಟದ ಹೊತ್ತಿಗೆ ಅಣ್ಣ ಕೇಳಿದ. "ಮಾಮನ ಕೈಗೆ ಏನಾಗಿದ್ಯೇ, ಅಷ್ಟು ದೊಡ್ಡ ಬ್ಯಾಂಡೇಜು?"

"ಗರಗಸ ತಾಗ್ತಂತೆ" ಅಂದಳು ಪಿಟೀಲು. ಬಗ್ಗಿ ಚೂರುವಿನ ಕಿವಿಯ ಹೊಲಿಗೆಯನ್ನು ಮೆಲ್ಲಗೆ ಸವರಿದಳು.