ಮೂರು ಟಿಕೆಟಿನಷ್ಟು ಓರೆ

"ಮತ್ತ ಓರೆ ಕೊಯ್ಯಾಕತ್ತೇತಂತ ನಿನ್ನ ಮಶೀನ!" ಅಳ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಅಬ್ದುಲ್‌ಸಾಬ ನಗುತ್ತ ಹೇಳಿದ. "ಕಲಘಟಗಿ ಲಕ್ಷ್ಮಣಪ್ಪ ಹೇಳಿ ಕಳಿಸ್ಯಾನ. ನಾಳೆ ಬಾ ಅಂದಾನ."

ನಾನು ಬೇಸರವಾದವನಂತೆ ಮುಖ ಗಂಟು ಹಾಕಿಕೊಂಡೆ. ಒಳಗೊಳಗೇ ಎಷ್ಟು ಖುಷಿಯಾಗಿತ್ತೆಂದು ಅವನಿಗೆ ತಿಳಿಯಬಾರದಿತ್ತು.

ಅದು ಎಪ್ಪತ್ನಾಲ್ಕನೆಯ ಇಸವಿ. ನಾನು, ಶಿದ್ಲಿಂಗಪ್ಪ, ಅಳ್ನಾವರದ ಕಟ್ಟಿಗೆ ಮಿಲ್ಲುಗಳ ಮಶೀನು ರಿಪೇರಿ ಮಾಡುತ್ತಿದ್ದ ಮಿಸ್ತ್ರಿ. ವಯಸ್ಸು ಇಪ್ಪತ್ತೈದು, ಜಂಬ ಅದಕ್ಕಿಂತ ಸ್ವಲ್ಪ ಹೆಚ್ಚು. ಲಕ್ಷ್ಮಣಪ್ಪ ಬಡಿಗೇರರು ಕಲಘಟಗಿಯಲ್ಲಿ ಬಾಗಿಲು, ತೊಟ್ಟಿಲು ಮಾಡುತ್ತಿದ್ದರು. ಹುಬ್ಬಳ್ಳಿಯಿಂದ ಹಳೆಯ ರಂದಾ ಮಶೀನು ತಂದಾಗ ಅದನ್ನು ಕೂಡಿಸಿಕೊಟ್ಟವನು ನಾನೇ. ಬದಿಯಲ್ಲಿ ನಿಂತ ಕಬ್ಬಿಣದ ಪಟ್ಟಿಗೆ ಹಲಗೆ ಒರಗಿಸಿ ಮುಂದೆ ತಳ್ಳಿದರೆ, ಅಡಿಯಲ್ಲಿ ತಿರುಗುವ ಅಲಗು ಅಂಚನ್ನು ನೆಟ್ಟಗೆ ಸವರಿ ಕೊಡಬೇಕು. ಅದು ಮಾತ್ರ ತಿಂಗಳಿಗೊಮ್ಮೆ ಓರೆ ಸವರುತ್ತಿತ್ತು. ಅಂಥ ಎರಡು ಹಲಗೆ ಜೋಡಿಸಿದರೆ ಬಾಗಿಲು ನಡುವೆ ಬಾಗುತ್ತಿತ್ತು.

ಕೆಡುವುದು ಯಾವಾಗಲೂ ಅಮಾವಾಸ್ಯೆಯ ಮರುದಿನವೇ. ಅಮಾವಾಸ್ಯೆಗೆ ಬಡಿಗೇರರು ಉಳಿ ಮುಟ್ಟುವುದಿಲ್ಲ. ಲಕ್ಷ್ಮಣಪ್ಪ ಗುಡಿಗೆ ಹೋದರೆ, ಮಗಳು ಗುರವ್ವ ಒಬ್ಬಳೇ ಮಶೀನು ಒರೆಸಿ, ವಿಭೂತಿ ಹಚ್ಚಿ, ಊದುಬತ್ತಿ ಬೆಳಗುತ್ತಿದ್ದಳು.

ನಾನು ಹೋದ ಕೂಡಲೇ ಬಸ್ಸಿನ ಟಿಕೆಟನ್ನು ಬೆಂಚಿನ ಮೇಲೆ ಒಗೆದು ಕೆಲಸಕ್ಕೆ ಕೂಡುತ್ತಿದ್ದೆ. ಮೂಲೆ ಅಳೆಯುವ ಗುಣ್ಯಾವನ್ನು ಹಲಗೆಯ ಅಂಚಿಗೆ ಆನಿಸಿ ಬೆಳಕಿಗೆ ಎತ್ತಿದರೆ, ಸಂದಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು. ಅದರಾಚೆ ಗುರವ್ವ ಚಹಾ ಹಿಡಿದು ನಿಂತಿರುತ್ತಿದ್ದಳು.

"ಎಷ್ಟೊತ್ತು ನೋಡ್ತೀರಿ ಮಿಸ್ತ್ರಿಯವರ? ಚಾ ಆರತೈತಿ."

"ಓರೆ ಎಲ್ಲೈತಿ ಅಂತ ನೋಡಬೇಕಲ್ಲ."

"ಹಲಗಿ ನಿಮ್ಮ ಕೈಯಾಗ ಐತ್ರಿ. ನೀವು ಇತ್ತಾಗ ನೋಡಾಕತ್ತೀರಿ."

ಹಾಗಂದು ಕೆಳತುಟಿ ಕಚ್ಚಿ ನಗುವಳು. ಎಡಗೆನ್ನೆಗೆ ಕಟ್ಟಿಗೆಯ ಹುಡಿ ಹತ್ತಿರುತ್ತಿತ್ತು. ಒರೆಸಿಕೋ ಎನ್ನಲು ಕೂಡ ನನಗೆ ಬಾಯಿ ಬರುತ್ತಿರಲಿಲ್ಲ. ಪಟ್ಟಿಯನ್ನು ಗುಣ್ಯಾಕ್ಕೆ ಸರಿಮಾಡಿ, ಬೋಲ್ಟು ಬಿಗಿದು, ಬಸ್ಸು ಹತ್ತುತ್ತಿದ್ದೆ. ನಮ್ಮ ನಡುವೆ ಜಾತಿ ಅಡ್ಡ ಇರಲಿಲ್ಲ. ಹಿರಿಯರೂ ಒಲ್ಲೆ ಎನ್ನುತ್ತಿರಲಿಲ್ಲ. ಮುಂದಿನ ಸಲ ಕರೆ ಬಂದಾಗ ಹೇಳಿಬಿಡೋಣ ಎಂದುಕೊಳ್ಳುತ್ತಲೇ ಮಶೀನು ಕೂಡಿಸಿದ್ದೂ ಸೇರಿ ಮೂರು ಸಲ ಹೋಗಿಬಂದಿದ್ದೆ.

ಈ ನಾಲ್ಕನೆಯ ಸಲ ಲಕ್ಷ್ಮಣಪ್ಪ ಸಿಡುಕಿದರು. "ಏ ತಮ್ಮಾ, ನಿನಗ ಕೆಲಸ ಬರತೈತೋ ಇಲ್ಲೋ? ಗಿರಾಕಿ ಮುಂದ ನನ್ನ ಮಾನ ಹೋಗಾಕತ್ತೇತಿ."

ಗುರವ್ವನ ಎದುರಿಗೇ ಅಂದರಲ್ಲ ಎಂದು ನನಗೆ ರೇಗಿತು. ಅಲಗು ಬಿಚ್ಚಿ ನೋಡಿದೆ. ಮೇಜಿನ ಮಟ್ಟ ನೋಡಿದೆ. ಎಲ್ಲ ಸರಿಯಿತ್ತು. ಕೊನೆಗೆ ಯಾವತ್ತೂ ಮಾಡದ ಕೆಲಸ ಮಾಡಿ, ಬದಿಯ ಪಟ್ಟಿಯನ್ನೇ ಪೂರ್ತಿ ಕಳಚಿದೆ. ಅದು ಕೂಡುವ ಜಾಗದಲ್ಲಿ, ಕೆಳಗಿನ ಬೋಲ್ಟಿನ ಬಾಜು, ಸಣ್ಣಗೆ ಮಡಚಿ ಒತ್ತಿದ ಗುಲಾಬಿ ಕಾಗದಗಳಿದ್ದವು. ಒಂದರ ಮೇಲೊಂದು, ಮೂರು.

"ನೋಡ್ರಿ ಕಾಕಾ!" ಗೆದ್ದವನಂತೆ ಕೂಗಿದೆ. "ಕೆಲಸ ಬರೂದಿಲ್ಲ ಅಂದ್ರೆಲ್ಲ, ಪೂಜಿ ಮಾಡಾಕ ಹೋಗಿ ಇದರಾಗ ಕಸ ತುರುಕ್ಯಾರ. ಇನ್ನ ಮ್ಯಾಲ ಗುರವ್ವನ್ನ ಮಶೀನ ಹತ್ತರ ಬಿಡಬ್ಯಾಡ್ರಿ. ನನ್ನ ಮತ್ತ ಕರಿಯೂ ಪ್ರಸಂಗನ ಬರೂದಿಲ್ಲ."

ಕಾಗದಗಳನ್ನು ಹೊಟ್ಟಿನ ರಾಶಿಗೆ ಒಗೆದೆ. ಗುರವ್ವ ಚಹಾದ ಕಪ್ಪನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದಳು. ಆವತ್ತು ಅವಳು ನಗಲಿಲ್ಲ.

ಬಸ್ಸು ಊರು ದಾಟಿದ ಮೇಲೆ ಅಬ್ದುಲ್‌ಸಾಬ ಟಿಕೆಟ್ ಹರಿದು ನನ್ನ ಕೈಗಿಟ್ಟ. ಅದೇ ತೆಳು ಗುಲಾಬಿ ಕಾಗದ. ಮೂರು ಸಲ ಹೋಗಿದ್ದೆ, ಮೂರು ಟಿಕೆಟು ಬೆಂಚಿನ ಮೇಲೆ ಬಿಟ್ಟು ಬಂದಿದ್ದೆ. ಯಾವ ಬೋಲ್ಟಿನ ಹಿಂದೆ ಏನಿಟ್ಟರೆ ಮಶೀನು ಓರೆಯಾಗುತ್ತದೆ, ಮಿಸ್ತ್ರಿ ಬರಬೇಕಾಗುತ್ತದೆ ಎಂಬುದು ಬಡಿಗೇರರ ಮಗಳಿಗೆ ಗೊತ್ತಿರದೇ ಇರುತ್ತದೆಯೇ? ಅವಳು ಕರೆದಿದ್ದಳು. ನಾನು ಕಸ ಎಂದಿದ್ದೆ.

ಬಸ್ಸು ನಿಲ್ಲಿಸು ಎನ್ನಬಹುದಿತ್ತು. ಎನ್ನಲಿಲ್ಲ. ಅವಳಪ್ಪನ ಮುಂದೆ ಏನೆಂದು ಹೋಗಿ ನಿಲ್ಲಲಿ? ಇನ್ನೊಮ್ಮೆ ಕರೆ ಬರಲಿ, ಎಲ್ಲ ಹೇಳುತ್ತೇನೆ ಎಂದು ಕಾದೆ.

ಒಂದು ಅಮಾವಾಸ್ಯೆ ಹೋಯಿತು. ಇನ್ನೊಂದೂ ಹೋಯಿತು. ಮೂರನೆಯದಕ್ಕೆ ತಡೆಯಲಾರದೆ, ಹತಾರದ ಚೀಲ ಇಲ್ಲದೆಯೇ ಬಸ್ಸು ಹತ್ತಿದೆ.

ಲಕ್ಷ್ಮಣಪ್ಪ ಗುಡಿಗೆ ಹೋಗಿದ್ದರು. ಗುರವ್ವ ಮಶೀನಿನಿಂದ ದೂರ, ಹೊಸ್ತಿಲ ಹತ್ತಿರ ಕೂತಿದ್ದಳು. ನನ್ನನ್ನು ಕಂಡು ತಟ್ಟನೆ ಎದ್ದಳು.

"ಮಶೀನ ಚಲೋ ಐತ್ರಿ," ಎಂದಳು. "ಅಪ್ಪ ಕರಸಿಲ್ಲಲ್ಲ?"

"ಇಲ್ಲ. ನಾನ ಬಂದೆ. ಆ ಟಿಕೆಟು... ನನಗ ಬಸ್ಸಿನ್ಯಾಗ ತಿಳೀತು ಗುರವ್ವಾ. ತಪ್ಪಾತು. ನಿಮ್ಮಪ್ಪಗ ನಿನ್ನ ಕೇಳಾಕ ಬಂದೇನಿ."

ಅವಳು ಸೆರಗು ಸರಿಮಾಡಿಕೊಂಡಳು. ಆಗ ಕಂಡಿತು, ಮೊಣಕೈವರೆಗೆ ಹೊಸ ಹಸಿರು ಬಳೆ.

"ಹೋದ ಸೋಮವಾರ ನಿಶ್ಚೆ ಆತ್ರಿ. ನವಲಗುಂದದವರು."

ಬೆಂಚು ಹಿಡಿದುಕೊಂಡೆ. "ಅವತ್ತ ಒಂದ ಮಾತ ಹೇಳಬಾರದಿತ್ತನು?"

"ಮೂರ ಸಲ ಹೇಳಿದ್ನೆಲ್ರಿ."

ಅದೇ ಕೆಳತುಟಿ ಕಚ್ಚಿಕೊಂಡಳು. ಕಣ್ಣು ಮಾತ್ರ ತುಂಬಿತ್ತು.

"ಇವತ್ತ ಮಶೀನ ಕೆಟ್ಟಿಲ್ಲ, ಯಾರೂ ಕರದಿಲ್ಲ, ಆದ್ರೂ ಬಂದ್ರಿ. ಅವಾಗ ಹಿಂಗ ಬರಾಕ ಏನಾಗಿತ್ತ್ರಿ?"

ಅವಳು ಚಹಾ ತಂದುಕೊಟ್ಟಳು. ಗೋಡೆಗೆ ಮುಖ ಮಾಡಿ ನಿಂತು ಕುಡಿದೆ.

ಬರುವಾಗಲೇ ರೂಢಿಯಂತೆ ಟಿಕೆಟನ್ನು ಬೆಂಚಿನ ಮೇಲೆ ಒಗೆದಿದ್ದೆ. ಹೊರಡುವಾಗ ಗುರವ್ವ ಅದನ್ನು ಎತ್ತಿಕೊಂಡಳು. ಬೆರಳಿನಿಂದ ತೀಡಿ ನೆಟ್ಟಗೆ ಮಾಡಿ ನನ್ನ ಅಂಗೈಯಲ್ಲಿಟ್ಟಳು.

"ಇದನ್ನ ಇಲ್ಲೆ ಬಿಟ್ಟ ಹೋಗಬ್ಯಾಡ್ರಿ," ಎಂದಳು.