ಅವಳ ಪಕ್ಕದಲ್ಲೊಬ್ಬ ಕೋಡಂಗಿ

“ಕೆಳಗಿಳಿ ಪೆಸಮಿನೊ... ಈಗಲೇ ಇಳಿ!”

ತಿಲೊಮಾಯಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. ಅವನು ಇಳಿಯಲಿಲ್ಲ!

ನಾಟಕದ ಕೊನೆಯ ದೃಶ್ಯ. ಮದುವಣಗಿತ್ತಿಯಾಗಿ ಅವಳೊಬ್ಬಳೇ ಮೆಲ್ಲಗೆ ಕುಣಿಯಬೇಕಿತ್ತು. ಅಷ್ಟರಲ್ಲಿ ಪ್ರೇಕ್ಷಕರ ಚಾಪೆಯಿಂದ ಎದ್ದು ಬಂದ ಶಾಲಾ ಮೇಷ್ಟ್ರು ಪೆಸಮಿನೊ ಅವಳ ಕಾಲ ಬಳಿ ಉರುಳಾಡಿದ, ಎದೆ ಬಡಿದುಕೊಂಡ, “ಚೀ-ಹೂ!” ಎಂದು ಆ ಕಡೆಯವರ ಕೇಕೆ ಹಾಕಿದ. ಸಮೋವ ದೇಶದ ಸವಾಯಿ ದ್ವೀಪದ ಆ ಊರ ಸಭಾಮನೆಯಲ್ಲಿ ಜನ ಬಿದ್ದು ಬಿದ್ದು ನಕ್ಕರು.

ಕುಣಿತ ಅರ್ಧಕ್ಕೇ ಬಿಟ್ಟು ಅವಳು ಒಳಗೆ ಹೋದಳು.

ಎರಡು ತಿಂಗಳು ಪಕ್ಕದಲ್ಲಿ ಕೂತು, ನಾನೂರು ವರ್ಷ ಹಳೆಯ ಆ ಇಂಗ್ಲಿಷ್ ಹಾಸ್ಯನಾಟಕವನ್ನು ಸಮೋವದ ಮಾತಿಗೆ ತಂದವನು ಅವನೇ. ರಾಜನನ್ನು ಊರ ಮುಖಂಡನನ್ನಾಗಿ, ಒಡೆದ ಹಡಗನ್ನು ದಿನಾ ಓಡಾಡುವ ಫೆರಿ ದೋಣಿಯನ್ನಾಗಿ ಮಾಡಿದವನೂ ಅವನೇ. ಗಂಡುವೇಷ ಹಾಕಿ ಪ್ರೀತಿ ಬಚ್ಚಿಟ್ಟುಕೊಳ್ಳುವ ನಾಯಕಿಯ ಪಾತ್ರ ಅವಳದು. ಮಾಡುತ್ತಾ ಮಾಡುತ್ತಾ ಅವಳೂ ಒಂದು ಪ್ರೀತಿ ಬಚ್ಚಿಟ್ಟುಕೊಂಡಿದ್ದಳು. ಆಟ ಮುಗಿದ ಮೇಲೆ ಅವನಿಗೆ ಹೇಳಿಬಿಡಬೇಕು ಅಂದುಕೊಂಡಿದ್ದಳು...

ಅಮ್ಮ ಇದೇ ಊರಿನವಳು, ಬೇಗ ತೀರಿಕೊಂಡಳು. ತಿಲೊಮಾಯಿ ಬೆಳೆದದ್ದು ನ್ಯೂಜಿಲೆಂಡಿನ ತಣ್ಣನೆಯ ಊರೊಂದರಲ್ಲಿ, ಬಿಳಿಯ ಅಪ್ಪನ ಜೊತೆ. ಈ ನಾಟಕ ಆಡಿಸಲೆಂದೇ ಇಲ್ಲಿನ ದೊಡ್ಡಮ್ಮನ ಮನೆಗೆ ಬಂದಿದ್ದಳು. ಅಲ್ಲಿ ಪ್ರೇಕ್ಷಕರು ಉಸಿರು ಬಿಗಿಹಿಡಿದು ಕೂರುತ್ತಾರೆ, ಕೊನೆಗೆ ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ನಾಯಕಿ ಅತ್ತಾಗಲೂ ನಕ್ಕರು. ಅದನ್ನು ಹೇಗೋ ನುಂಗಿಕೊಂಡಿದ್ದಳು. ಆದರೆ ಅವನು!

“ತಿಲೋ, ನಾನು ನಿನಗೋಸ್ಕರ...” ಪೆಸಮಿನೊ ಬಾಗಿಲಲ್ಲಿ ನಿಂತಿದ್ದ, ಅಂಗಿಯ ತುಂಬ ಧೂಳು.

“ನನ್ನನ್ನ ನಗೆಪಾಟಲು ಮಾಡೋಕೆ ಎರಡು ತಿಂಗಳು ಕಾದ್ಯಾ? ನಾಳೆ ಕೊನೇ ಆಟ. ಮುಗಿಸಿ ಹೊರಟುಬಿಡ್ತೀನಿ. ನಿನ್ನ ಮುಖ ತೋರಿಸ್ಬೇಡ!”

ಅವನು ಹೊರಟುಹೋದ.

ಬೆಳಿಗ್ಗೆ ಕೆಸುವಿನ ಗೆಡ್ಡೆ ಹೆರೆಯುತ್ತಾ ದೊಡ್ಡಮ್ಮ ಮಸೆಲಿನಾ ಕೇಳಿದಳು, “ಹೊರಟ್ಯಂತೆ? ಹೋಗು. ಪೆದ್ದಿ ಅನ್ನಿಸ್ಕೊಂಡು ಮಾತ್ರ ಹೋಗ್ಬೇಡ.”

“ಅವಮಾನ ಮಾಡಿದ್ದು ಅವನು, ಬೈಗುಳ ನನಗಾ ದೊಡ್ಡಮ್ಮಾ?”

“ಕುಣಿಯೋಳ ಪಕ್ಕ ಯಾರೂ ಎದ್ದು ಬಂದು ಕೋಡಂಗಿ ಆಗ್ಲಿಲ್ಲ ಅಂದ್ರೆ ಅದು ಕಣೇ ಅವಮಾನ! ಪಕ್ಕದೋರು ಎಷ್ಟು ವಿಕಾರ ಮಾಡ್ತಾರೋ, ನಡುವೆ ಇರೋಳು ಅಷ್ಟು ಚೆಂದ ಕಾಣ್ತಾಳೆ. ನಿಮ್ಮಮ್ಮ ಕುಣಿದಾಗ ನಾನೇ ಮಣ್ಣಲ್ಲಿ ಹೊರಳಾಡಿದ್ದೆ. ನಿನ್ನೆ ನೀನು ಒಬ್ಬಳೇ ಕುಣೀತಿದ್ದೆ. ಎಲ್ಲಾ ಸುಮ್ನೆ ಕೂತಿದ್ರು. ಎದ್ದೋನು ಅವನೊಬ್ಬನೇ.”

“ಮತ್ತೆ... ನಾನು ಅತ್ತಾಗ ನಕ್ಕಿದ್ದು?”

“ಹುಡುಗಿಯರಾಗಿದ್ದಾಗ ನಾವೆಲ್ಲಾ ಹಾಗೇ ಕದ್ದು ಅತ್ತೋರೇ. ನಮ್ಮ ಗುಟ್ಟು ಅಲ್ಲಿ ರಟ್ಟಾಯ್ತಲ್ಲ, ನಗು ಬಂತು.”

ತಿಲೊಮಾಯಿ ತಲೆಯ ಮೇಲೆ ಕೈಹೊತ್ತಳು. ಅಯ್ಯೋ... ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ, ಅವನು ತನ್ನನ್ನೇ ಅಂದಗೆಡಿಸಿಕೊಂಡು ನನ್ನ ಪಕ್ಕ ನಿಂತಿದ್ದ! ನಾನೇನು ಅಂದೆ ಅವನಿಗೆ?

ಸಂಜೆಯ ಆಟದಲ್ಲಿ ಅವನು ಹಿಂದಿನ ಕಂಬಕ್ಕೆ ಒರಗಿ ಕೂತಿದ್ದ. ಅವಳು ಕುಣಿದಾಗ ದೊಡ್ಡಮ್ಮನ ಜೊತೆ ನಾಲ್ಕು ಜನ ಎದ್ದು ಬಂದರು. ಅವನು ಏಳಲಿಲ್ಲ.

ಆಟ ಮುಗಿಯಿತು. ಊರ ಹೆಂಗಸರು ಬಿಡುತ್ತಾರೆಯೇ? “ನಾಟಕ ಬರೆದ ಮೇಷ್ಟ್ರೂ ಕುಣೀಲಿ!” ಎಂದು ಅವನನ್ನು ನಡುವೆ ನೂಕಿದರು. ಅವನು ತಲೆ ತಗ್ಗಿಸಿ ಕೈ ಬೀಸತೊಡಗಿದ.

ಯಾರೂ ಏಳಲಿಲ್ಲ. ನೆಪ ಸಿಕ್ಕರೆ ಸಾಕು ಜಿಗಿಯುವ ಮುದುಕಿಯರೆಲ್ಲ ಇವತ್ತು ಕೂತಲ್ಲಿಂದಲೇ ತಿಲೊಮಾಯಿಯನ್ನೇ ನೋಡುತ್ತಿದ್ದರು.

ಅವಳು ಎದ್ದಳು. ಮದುವಣಗಿತ್ತಿಯ ವೇಷದಲ್ಲೇ ಅವನ ಕಾಲ ಬಳಿ ಉರುಳಿದಳು, ಕೆನ್ನೆ ಉಬ್ಬಿಸಿದಳು, ಕೋಳಿಯ ಹಾಗೆ ಕುಪ್ಪಳಿಸಿ “ಚೀ-ಹೂ!” ಎಂದು ಕೂಗಿದಳು. ಸಭಾಮನೆ ಹೋ ಎಂದಿತು!

ಪೆಸಮಿನೊ ನಿಂತೇಬಿಟ್ಟ. “ತಿಲೋ, ಏನಿದು? ಊರೆಲ್ಲಾ ನೋಡ್ತಿದೆ!”

“ನೋಡ್ಲಿ. ನಿನ್ನೆ ನಂಗೆ ಗೊತ್ತಿರ್ಲಿಲ್ಲ ಕಣೋ... ಇವತ್ತು ನೀನು ಚೆನ್ನಾಗಿ ಕಾಣ್ಬೇಕು, ಅಷ್ಟೇ. ನಾನು ಹೇಗೆ ಕಂಡ್ರೂ ಪರವಾಗಿಲ್ಲ.”

ಅವನ ಕಣ್ಣು ತುಂಬಿ ಬಂತು. “ಹೊರಟುಬಿಡ್ತೀನಿ ಅಂದಿದ್ಯಲ್ಲ...”

“ಕುಣಿಯೋದು ನಿಲ್ಲಿಸ್ಬೇಡ,” ಅವಳು ಧೂಳಲ್ಲೇ ಕೂತು ನಕ್ಕಳು. “ನಿನ್ನ ಪಕ್ಕ ಬಿಟ್ಟು ಎಲ್ಲಿಗೂ ಹೋಗಲ್ಲ.”